ಏರಿಗೆಳೆದ ಎತ್ತು, ನೀರಿಗೆಳೆದ ಕೋಣ



ಇವತ್ತಿನ ಮಾತನ್ನು ಒಂದು ಸದ್ದಿನಿಂದ ಶುರು ಮಾಡುತ್ತೇನೆ. ಕಚೇರಿಗೆ ಹೋಗುವವರಿಗೆಲ್ಲ ಆ ಸದ್ದು ಗೊತ್ತು. ಗೋಡೆಯ ಮೇಲಿನ ಎ.ಸಿ. ಕಡೆಗೆ ಯಾರೋ ರಿಮೋಟ್ ಹಿಡಿದು ಗುಂಡಿ ಒತ್ತುತ್ತಾರೆ. 'ಪೀಪ್' ಅನ್ನುತ್ತದೆ. ಒಂದು ಪೀಪ್ ಅಂದರೆ ಒಂದು ಡಿಗ್ರಿ. ಎರಡು ಪೀಪ್ ಅಂದರೆ ಎರಡು ಡಿಗ್ರಿ. ಸದ್ದು ಸಣ್ಣದು. ಆದರೂ ಹಾಲಿನಲ್ಲಿ ಕೂತವರೆಲ್ಲ ತಲೆ ಎತ್ತುತ್ತಾರೆ. ಏರಿಸಿದರೋ, ಇಳಿಸಿದರೋ? ಒತ್ತಿದ್ದು ಯಾರು?

ಮೂವತ್ತು ವರ್ಷಕ್ಕೂ ಮೇಲೆ ನಾನು ಕಚೇರಿಗಳಲ್ಲಿ ದುಡಿದೆ. ಸೇವೆ ಶುರುವಾದದ್ದು ಕಲಬುರಗಿಯಲ್ಲಿ, ಮುಗಿದದ್ದು ಬೆಂಗಳೂರಿನಲ್ಲಿ. ಬಡ್ತಿಯ ಜಗಳ ನೋಡಿದ್ದೇನೆ. ರಜೆಯ ಜಗಳ ನೋಡಿದ್ದೇನೆ. ಅವು ವರ್ಷಕ್ಕೊಮ್ಮೆಯೋ ಎರಡು ಸಲವೋ ಬರುತ್ತವೆ. ಎ.ಸಿ. ಜಗಳ ಮಾತ್ರ ದಿನಕ್ಕೆ ನಾಲ್ಕು ಸಲ. ಒಂದೇ ಡಬ್ಬಿಯ ಉಪ್ಪಿನಕಾಯಿ ಹಂಚಿಕೊಂಡು ಊಟ ಮಾಡುತ್ತಿದ್ದವರು ಈ ಒಂದು ಕಾರಣಕ್ಕೆ ಮಾತು ಬಿಟ್ಟದ್ದನ್ನು ಕಂಡಿದ್ದೇನೆ.

ಬೆಂಗಳೂರಿನ ನಮ್ಮ ಹಾಲ್ ಹೇಗಿತ್ತು ಅಂತ ಮೊದಲು ಹೇಳಿಬಿಡುತ್ತೇನೆ. ಉದ್ದನೆಯ ಕೋಣೆ. ಹದಿನಾಲ್ಕು ಮಂದಿ. ಪೂರ್ವದ ಗೋಡೆಯ ಮೇಲೆ ಎರಡು ಸ್ಪ್ಲಿಟ್ ಎ.ಸಿ. ಅದರ ಎದುರಿಗೆ, ಪಶ್ಚಿಮಕ್ಕೆ, ಸಾಲಾಗಿ ಗಾಜಿನ ಕಿಟಕಿಗಳು. ಮೂಲೆಯಲ್ಲಿ ಗಾಜಿನ ಗೋಡೆಯ ಕ್ಯಾಷ್ ಕ್ಯಾಬಿನ್. ಅದಕ್ಕೆ ಬೀಗ ಹಾಕುವ ಬಾಗಿಲು. ಒಳಗೆ ನೋಟು ಎಣಿಸುವ ಯಂತ್ರ, ಒಂದು ಕಂಪ್ಯೂಟರ್, ಒಬ್ಬರು ಕ್ಯಾಷಿಯರ್.

ಎ.ಸಿ. ಎದುರಿನ ಮೊದಲ ಮೇಜಿನಲ್ಲಿ ಹೊಸದಾಗಿ ಸೇರಿದ ಹುಡುಗಿ ಕೂರುತ್ತಿದ್ದಳು. ಮಲೆನಾಡಿನವಳು. ಅವಳ ಕುರ್ಚಿಯ ಬೆನ್ನಿಗೆ ಸದಾ ಒಂದು ಕಂದು ಬಣ್ಣದ ಶಾಲು. ಹತ್ತೂವರೆಗೆ ಅದು ಹೆಗಲಿಗೆ ಬರುತ್ತಿತ್ತು. ಹನ್ನೆರಡಕ್ಕೆ ತಲೆಗೂ ಬರುತ್ತಿತ್ತು. ಟೀ ಬಂದರೆ ತಕ್ಷಣ ಕುಡಿಯುತ್ತಿರಲಿಲ್ಲ. ಲೋಟವನ್ನು ಎರಡೂ ಅಂಗೈಯಲ್ಲಿ ಅವುಚಿ ಹಿಡಿದು, ಬೆರಳು ಬಿಸಿಯಾದ ಮೇಲೆ ಟೈಪ್ ಮಾಡಲು ಕೂರುತ್ತಿದ್ದಳು. ಕ್ಯಾಷಿಯರ್ ಮೇಡಂ ಐವತ್ತು ದಾಟಿದವರು. ಅವರ ಕುತ್ತಿಗೆಗೆ ಒದ್ದೆ ಕರವಸ್ತ್ರ. ಕೈಗೆ ಸಿಕ್ಕಿದ ರಟ್ಟಿನ ಫೈಲಿನಿಂದ ಗಾಳಿ ಬೀಸಿಕೊಳ್ಳುತ್ತ ನೋಟು ಕಟ್ಟುತ್ತಿದ್ದರು.

ಹುಡುಗಿ ಹೇಳುತ್ತಿದ್ದಳು: "ಸಾರ್, ಎ.ಸಿ. ಸ್ವಲ್ಪ ಕಮ್ಮಿ ಮಾಡಿಸಿ." ಕ್ಯಾಷಿಯರ್ ಮೇಡಂ ಕೂಡ ಅದನ್ನೇ ಹೇಳುತ್ತಿದ್ದರು: "ಎ.ಸಿ. ಇನ್ನೂ ಸ್ವಲ್ಪ ಕಮ್ಮಿ ಮಾಡ್ರಪ್ಪ." ಮಾತು ಒಂದೇ. ಹುಡುಗಿ ಕಮ್ಮಿ ಮಾಡಿ ಅಂದದ್ದು ತಂಪನ್ನು. ಮೇಡಂ ಕಮ್ಮಿ ಮಾಡಿ ಅಂದದ್ದು ಅಂಕಿಯನ್ನು. ನಮ್ಮ ಅಟೆಂಡರ್ ರಿಮೋಟ್ ಹಿಡಿದು ಇಬ್ಬರ ಮುಖವನ್ನೂ ನೋಡುತ್ತ ನಿಲ್ಲುತ್ತಿದ್ದ. ಒಂದು ದಿನ ಅವನು ತಪ್ಪು ತಿಳಿದು ಹುಡುಗಿಗಾಗಿ 18ಕ್ಕೆ ಇಳಿಸಿಬಿಟ್ಟ. ಅವಳು ಎದ್ದು ಹೊರಗಿನ ಮೆಟ್ಟಿಲ ಮೇಲೆ, ಬಿಸಿಲಿನಲ್ಲಿ, ಹೋಗಿ ಕೂತಳು. ಕಣ್ಣಲ್ಲಿ ನೀರಿತ್ತು.

ಆಗ ನಾನು ಆ ವಿಭಾಗದ ಮೇಲ್ವಿಚಾರಕ. ರಿಮೋಟನ್ನು ತಂದು ನನ್ನ ಡ್ರಾಯರಿನಲ್ಲಿ ಇಟ್ಟು ಬೀಗ ಹಾಕಿದೆ. ಒಬ್ಬರಿಗೆ 18 ಬೇಕು, ಇನ್ನೊಬ್ಬರಿಗೆ 26 ಬೇಕು. ಎರಡರ ನಡುವೆ 22. ನಾನು 22ಕ್ಕೆ ಇಟ್ಟೆ. ನ್ಯಾಯ ಕೊಟ್ಟೆ ಅಂದುಕೊಂಡೆ. ಮೊದಲು ಒಬ್ಬರಿಗೆ ಸಂಕಟವಾಗುತ್ತಿತ್ತು. ಈಗ ಇಬ್ಬರಿಗೂ ಸಂಕಟ. ಅದು ಯಾಕೆ ಹಾಗಾಯಿತು ಅನ್ನುವುದನ್ನೇ ಇವತ್ತು ನಿಮ್ಮ ಮುಂದೆ ಬಿಚ್ಚಿಡಬೇಕು ಅಂತ ಬಂದಿದ್ದೇನೆ.

ನಮ್ಮಲ್ಲೊಂದು ಗಾದೆ ಇದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಹೊಂದಿಕೆಯಿಲ್ಲದ ಜೋಡಿಯನ್ನು ಕಂಡಾಗ ಈ ಗಾದೆ ಹೇಳುತ್ತೇವೆ. ಎರಡಕ್ಕೂ ಹಟ ಅನ್ನುವ ಧ್ವನಿ ಅದರಲ್ಲಿದೆ. ಆದರೆ ಕೇಳುಗರೇ, ಕೋಣ ನೀರಿಗೆ ಎಳೆಯುವುದು ಹಟಕ್ಕಲ್ಲ. ಅದರ ಚರ್ಮ ಕಪ್ಪು. ಮೈಮೇಲೆ ಕೂದಲು ಕಡಿಮೆ. ಬೆವರಿನ ಗ್ರಂಥಿಗಳು ಎತ್ತಿನ ಮೈಯಲ್ಲಿ ಇರುವುದಕ್ಕಿಂತ ಬಹಳ ಕಡಿಮೆ. ಬೆವರಿ ಸಾಕಷ್ಟು ತಣ್ಣಗಾಗಲು ಅದಕ್ಕೆ ಬರುವುದಿಲ್ಲ. ನೀರಿಗಿಳಿದರೆ, ಕೆಸರು ಬಳಿದುಕೊಂಡರೆ ಅದರ ಮೈ ಕಾವು ಬೇಗ ಇಳಿಯುತ್ತದೆ. ಎತ್ತು ಬೆವರಿ ತಣ್ಣಗಾಗುತ್ತದೆ, ಅದಕ್ಕೆ ಏರಿಯ ಮೇಲಿನ ಗಾಳಿ ಸಾಕು. ನೊಗ ಕಟ್ಟಿದವನು ಇದನ್ನು ಯೋಚಿಸಬೇಕಿತ್ತು. ನಮ್ಮ ಹಾಲಿನಲ್ಲಿ ನೊಗ ಕಟ್ಟಿದವನು ನಾನು.

ಮೊದಲು ಆ ಅಂಕಿಯ ವಿಚಾರ. 22 ಅಂತ ರಿಮೋಟಿನಲ್ಲಿ ಕಾಣುತ್ತದಲ್ಲ, ಅದು ಕೋಣೆಯ ಶಾಖ ಅಂತ ನಾವೆಲ್ಲ ತಿಳಿದಿರುತ್ತೇವೆ. ಅದು ನಾವು ಯಂತ್ರಕ್ಕೆ ಕೊಟ್ಟ ಅಪ್ಪಣೆ. ಕೋಣೆ ಅಷ್ಟು ತಣ್ಣಗಿದೆ ಅನ್ನುವುದಕ್ಕೆ ಪುರಾವೆ ಅಲ್ಲ. ಯಂತ್ರ ತಾನು ಒಳಗೆಳೆದುಕೊಳ್ಳುವ ಗಾಳಿಯನ್ನು ಅಳೆಯುತ್ತದೆ. ಅದು ಇರುವುದು ಸೂರಿನ ಹತ್ತಿರ. ಬಿಸಿ ಗಾಳಿ ಮೇಲೇರುತ್ತದೆ, ತಣ್ಣನೆಯದು ಕೆಳಗೆ ಇಳಿಯುತ್ತದೆ. ಹೀಗಾಗಿ ಯಂತ್ರಕ್ಕೆ ಇನ್ನೂ ಸೆಖೆ ಅನ್ನಿಸುತ್ತಿರುವಾಗಲೇ ಕೆಳಗೆ ಕೂತವರ ಪಾದ ತಣ್ಣಗಾಗಿರುತ್ತದೆ.

ಇದು ನನಗೆ ಓದಿ ತಿಳಿದದ್ದಲ್ಲ. ಒಂದು ದಿನ ಮಾರುಕಟ್ಟೆಯಿಂದ ಗೋಡೆಗೆ ತೂಗುಹಾಕುವ ಒಂದು ಉಷ್ಣಮಾಪಕ ತಂದೆ. ಮರದ ಪಟ್ಟಿ, ನಡುವೆ ಗಾಜಿನ ಕೊಳವೆ, ಕೊಳವೆಯಲ್ಲಿ ಕೆಂಪು ದ್ರವ. ಮಧ್ಯಾಹ್ನ ಮೂರು ಗಂಟೆಗೆ ಅದನ್ನು ಕೈಯಲ್ಲಿ ಹಿಡಿದು ಮೇಜಿನಿಂದ ಮೇಜಿಗೆ ಹೋದೆ. ಪ್ರತಿ ಮೇಜಿನ ಮೇಲೂ ಹತ್ತು ನಿಮಿಷ ಇಟ್ಟೆ. ಹದಿನಾಲ್ಕು ಮಂದಿಯೂ ಕೆಲಸ ಬಿಟ್ಟು ನೋಡುತ್ತಿದ್ದರು. ನನ್ನ ಮೇಜಿನ ಮೇಲೆ 23. ಸರಿ, ಅದಕ್ಕೇ ನನಗೆ ಯಾವ ತೊಂದರೆಯೂ ಇರಲಿಲ್ಲ. ಹುಡುಗಿಯ ಮೇಜಿಗೆ ಬಂದೆ. ಕೆಂಪು ಗೆರೆ ಇಳಿಯುತ್ತ ಹೋಗಿ 19ರ ಹತ್ತಿರ ನಿಂತಿತು. ಅದರ ಮೇಲೆ ಗಾಳಿ ನೇರವಾಗಿ ಅವಳ ಬಲಗಿವಿಗೆ ಬಡಿಯುತ್ತಿತ್ತು. ನಾನು ಅಲ್ಲಿ ನಿಂತ ಹತ್ತು ನಿಮಿಷದಲ್ಲಿ ನನ್ನ ಕಿವಿಯೇ ತಣ್ಣಗಾಯಿತು. ಅವಳು ಅಲ್ಲಿ ದಿನಕ್ಕೆ ಎಂಟು ಗಂಟೆ ಕೂರುತ್ತಿದ್ದಳು.

ಪಶ್ಚಿಮದ ಕಿಟಕಿಯ ಪಕ್ಕ 26. ಅಲ್ಲಿ ಗಾಜು ಮುಟ್ಟಿದರೆ ಬಿಸಿ. ಆಮೇಲೆ ಕ್ಯಾಷ್ ಕ್ಯಾಬಿನ್ ಬಾಗಿಲು ತಟ್ಟಿದೆ. ಮೇಡಂ ಉಷ್ಣಮಾಪಕವನ್ನು ಗಾಜಿನ ಕಿಂಡಿಯಿಂದ ಒಳಗೆ ತೆಗೆದುಕೊಂಡರು. ಹತ್ತು ನಿಮಿಷದ ಮೇಲೆ ಕಿಂಡಿಗೆ ಒತ್ತಿ ಹಿಡಿದು ತೋರಿಸಿದರು. 29.

ಒಂದೇ ಸೂರು. ಒಂದೇ ರಿಮೋಟ್. ಇಬ್ಬರ ನಡುವೆ ಹತ್ತು ಡಿಗ್ರಿ ಅಂತರ. ಸುಮ್ಮನೆ ಹೋಲಿಸಿ ನೋಡಿ. ಬೆಂಗಳೂರಿನ ಡಿಸೆಂಬರ್ ಬೆಳಗಿಗೂ ಅದೇ ದಿನದ ಮಧ್ಯಾಹ್ನಕ್ಕೂ ಹೆಚ್ಚುಕಮ್ಮಿ ಅಷ್ಟೇ ಅಂತರ. ಒಬ್ಬಳು ಬೆಳಗಿನ ಜಾವದಲ್ಲಿ ಕೂತಿದ್ದಳು. ಇನ್ನೊಬ್ಬರು ನಡುಮಧ್ಯಾಹ್ನದಲ್ಲಿ ಕೂತಿದ್ದರು. ಇಬ್ಬರೂ ತಮಗೆ ಆದದ್ದನ್ನೇ ಹೇಳುತ್ತಿದ್ದರು. ಹುಡುಗಿಗೆ ನಾನು ಒಮ್ಮೆ, "ಒಂದು ಸ್ವೆಟರ್ ಹಾಕ್ಕೊಂಡ್ ಬಾಮ್ಮ, ಎಲ್ಲರಿಗೂ ಆಗೋದು ನಿನಗ್ಯಾಕೆ ಆಗಲ್ಲ?" ಅಂದಿದ್ದೆ. ಆ ಮಾತು ನೆನೆದರೆ ಇವತ್ತಿಗೂ ನನಗೆ ನೋವಾಗುತ್ತದೆ. ಎಲ್ಲರಿಗೂ ಆಗುತ್ತಿದ್ದದ್ದು ಅವಳಿಗೆ ಆಗುತ್ತಲೇ ಇರಲಿಲ್ಲವಲ್ಲ!

ಹಾಗಾದರೆ ಇಷ್ಟು ಆಯಿತು. ರಿಮೋಟಿನ ಅಂಕಿ ಬೇರೆ, ನಾವು ಕೂತ ಜಾಗದ ಶಾಖ ಬೇರೆ. ಇನ್ನು ಮುಂದಿನ ಪ್ರಶ್ನೆ. ಹದಿನಾಲ್ಕು ಮೇಜಿಗೂ ಸರಿಯಾಗಿ 24 ಡಿಗ್ರಿ ಹಂಚಿಬಿಟ್ಟೆವು ಅಂತ ಇಟ್ಟುಕೊಳ್ಳಿ. ಆಗ ಜಗಳ ಮುಗಿಯುತ್ತದೆಯೇ?

ಇಲ್ಲ. ಯಾಕೆಂದರೆ ಮೈಗಳು ಬೇರೆ ಬೇರೆ.

ನಾವು ಸುಮ್ಮನೆ ಕೂತಿದ್ದರೂ ನಮ್ಮ ಮೈ ಶಾಖ ಬಿಡುತ್ತಿರುತ್ತದೆ. ಎಷ್ಟು? ಹಳೆಯ ಕಾಲದ ನೂರು ವ್ಯಾಟಿನ ಬಲ್ಬ್ ಬಿಡುತ್ತಿದ್ದಷ್ಟು, ಸುಮಾರಾಗಿ. ಮದುವೆ ಮನೆಯಲ್ಲಿ ಜನ ತುಂಬಿದಾಗ ಧಗೆಯಾಗುತ್ತದಲ್ಲ, ಅದು ಆ ಬಲ್ಬುಗಳ ಶಾಖ. ಮಾಂಸಖಂಡ ಹೆಚ್ಚಿರುವ ಮೈ ಹೆಚ್ಚು ಶಾಖ ಹುಟ್ಟಿಸುತ್ತದೆ. ಸಣ್ಣ ಮೈ, ವಯಸ್ಸಾದ ಮೈ ಕಡಿಮೆ ಹುಟ್ಟಿಸುತ್ತದೆ. ಹೊರಗೆ ತಣ್ಣಗಾದಾಗ ಮೈ ತನ್ನ ಶಾಖವನ್ನು ಹೃದಯ, ಮಿದುಳುಗಳಿಗಾಗಿ ಕಾಯ್ದಿಡುತ್ತದೆ. ಚರ್ಮದ ರಕ್ತನಾಳಗಳನ್ನು ಕಿರಿದು ಮಾಡುತ್ತದೆ. ಮೊದಲು ತಣ್ಣಗಾಗುವುದು ಬೆರಳ ತುದಿ. ಕಚೇರಿಯಲ್ಲಿ ನಮ್ಮ ಕೆಲಸವೆಲ್ಲ ನಡೆಯುವುದು ಆ ಬೆರಳ ತುದಿಯಲ್ಲೇ.

ಇದನ್ನು ಲೆಕ್ಕ ಕಟ್ಟಿ ನೋಡಿದವರು ಡೆನ್ಮಾರ್ಕಿನ ವಿಜ್ಞಾನಿ ಫ್ಯಾಂಗರ್. 1970ರಲ್ಲಿ ಅವರ ಪುಸ್ತಕ ಬಂತು. ಸಾವಿರಕ್ಕೂ ಹೆಚ್ಚು ಜನರನ್ನು ಕೋಣೆಯಲ್ಲಿ ಕೂರಿಸಿ ಕೇಳಿದ ಉತ್ತರಗಳು ಆ ಲೆಕ್ಕದ ಹಿಂದಿದ್ದವು. ಹಿತ ಅನ್ನಿಸುವುದು ಆರು ಸಂಗತಿಗಳ ಮೇಲೆ ನಿಂತಿದೆ ಅಂತ ಅವರು ತೋರಿಸಿದರು. ಗಾಳಿಯ ಶಾಖ. ಸುತ್ತಲಿನ ಗೋಡೆ, ಗಾಜು ಬಿಡುವ ಶಾಖ. ಗಾಳಿಯ ಓಟ. ಗಾಳಿಯಲ್ಲಿರುವ ತೇವ. ನಾವು ಹಾಕಿದ ಬಟ್ಟೆ. ನಮ್ಮ ಮೈ ಹುಟ್ಟಿಸುವ ಶಾಖ. ರಿಮೋಟಿನಲ್ಲಿ ಕಾಣುವುದು ಈ ಆರರಲ್ಲಿ ಒಂದೇ ಒಂದು. ಅವರ ಲೆಕ್ಕದಿಂದ ಇನ್ನೊಂದು ಮಾತೂ ಹೊರಬಿತ್ತು. ಆರನ್ನೂ ಹದವಾಗಿ ಹೊಂದಿಸಿದರೂ ನೂರಕ್ಕೆ ಐದು ಮಂದಿಗೆ ಹಿತವಾಗುವುದಿಲ್ಲ. ನಮ್ಮ ಹದಿನಾಲ್ಕು ಮಂದಿಯ ಹಾಲಿನಲ್ಲಿ ಒಬ್ಬರಾದರೂ ಆ ಐದರ ಕಡೆಗೆ ಸೇರುವುದು ಸಹಜವೇ ಆಗಿತ್ತು.

ಆ ಲೆಕ್ಕದೊಳಗೇ ಒಂದು ಕೊರತೆಯೂ ಇತ್ತು. ಮೈ ಹುಟ್ಟಿಸುವ ಶಾಖಕ್ಕೆ ಅಳತೆಗೋಲು ಯಾರು? ಕಟ್ಟಡಗಳ ಮಾನದಂಡದಲ್ಲಿ ಬಳಸಿದ್ದು ನಲವತ್ತು ವರ್ಷದ, ಎಪ್ಪತ್ತು ಕಿಲೋ ತೂಕದ ಗಂಡಸಿನ ಮೈಯನ್ನು. 2015ರಲ್ಲಿ ನೆದರ್ಲೆಂಡಿನ ಮಾಸ್ಟ್ರಿಕ್ಟ್ ನಗರದ ಇಬ್ಬರು ಸಂಶೋಧಕರು ಇದನ್ನು ಎತ್ತಿ ಹೇಳಿದರು. ಅವರು ಅಳೆದದ್ದು ಹದಿನಾರು ಮಂದಿ ಯುವತಿಯರನ್ನು ಮಾತ್ರ. ಸಣ್ಣ ಅಧ್ಯಯನ. ಆದರೂ ಕಂಡದ್ದು ಸ್ಪಷ್ಟವಾಗಿತ್ತು. ಹೆಂಗಸರ ಮೈ ಹುಟ್ಟಿಸುವ ಶಾಖವನ್ನು ಆ ಮಾನದಂಡ ಮೂರನೆಯ ಒಂದು ಭಾಗದವರೆಗೂ ಹೆಚ್ಚಿಗೆ ಲೆಕ್ಕ ಹಾಕಿತ್ತು. ಇನ್ನು 2019ರಲ್ಲಿ ಬರ್ಲಿನ್ನಿನಲ್ಲಿ ಐನೂರಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೆ ಬೇರೆ ಬೇರೆ ಶಾಖದಲ್ಲಿ ಲೆಕ್ಕ ಕೊಟ್ಟು ನೋಡಿದರು. ಕೋಣೆ ಬೆಚ್ಚಗಾದಷ್ಟೂ ಹೆಣ್ಣುಮಕ್ಕಳು ಹೆಚ್ಚು ಲೆಕ್ಕಗಳನ್ನು ಸರಿಯಾಗಿ ಬಿಡಿಸಿದರು. ಚಳಿ ಅನ್ನುವ ದೂರನ್ನು ನಾವು ನಾಜೂಕು ಅಂತ ತಳ್ಳಿಹಾಕುತ್ತೇವೆ. ಅದು ಕೆಲಸದ ವಿಚಾರವೂ ಹೌದು.

ಹಾಗಂತ ಹೆಂಗಸರಿಗೆಲ್ಲ ಚಳಿ, ಗಂಡಸರಿಗೆಲ್ಲ ಸೆಖೆ ಅಂತ ಗೆರೆ ಎಳೆಯಬೇಡಿ. ನಮ್ಮ ಹಾಲಿನಲ್ಲಿ ಸೆಖೆ ಅಂದವರೂ ಹೆಂಗಸೇ. ಅಲ್ಲಿಗೆ ಬರುತ್ತೇನೆ. ಅದಕ್ಕೆ ಮೊದಲು ಹುಡುಗಿಯ ವಿಷಯ ಮುಗಿಸುತ್ತೇನೆ.

ಆ ವರ್ಷ ನಮ್ಮ ಕಚೇರಿಯಲ್ಲಿ ರಕ್ತದಾನ ಶಿಬಿರ ನಡೆಯಿತು. ಹುಡುಗಿ ಉತ್ಸಾಹದಿಂದ ಮೊದಲ ಸಾಲಿನಲ್ಲಿ ನಿಂತಳು. ಬೆರಳಿಗೆ ಚುಚ್ಚಿ ಪರೀಕ್ಷೆ ಮಾಡಿದರು. ವಾಪಸು ಕಳಿಸಿದರು. ರಕ್ತ ಕೊಡಲು ಹಿಮೋಗ್ಲೋಬಿನ್ ಹನ್ನೆರಡೂವರೆ ಇರಬೇಕು. "ನಂದು ಒಂಬತ್ತು ಇದೆಯಂತೆ ಸಾರ್," ಅಂದಳು. ಅವಳಿಗೆ ಸಂಕೋಚ. ಅಲ್ಲಿದ್ದ ವೈದ್ಯರು ಕೇಳಿದ ಮೊದಲ ಪ್ರಶ್ನೆಗಳಲ್ಲಿ ಒಂದು ಇದು: "ಕೈಕಾಲು ತಣ್ಣಗಾಗುತ್ತಾ? ಬೇರೆಯವರಿಗಿಂತ ಜಾಸ್ತಿ ಚಳಿಯಾಗುತ್ತಾ?" ಕಬ್ಬಿಣದ ಅಂಶ ಕಡಿಮೆಯಾಗಿ ರಕ್ತಹೀನತೆ ಬಂದ ಮೈಗೆ ಶಾಖ ಕಾಪಾಡಿಕೊಳ್ಳುವುದು ಕಷ್ಟ. ಥೈರಾಯ್ಡ್ ನಿಧಾನವಾದವರಿಗೂ ಹಾಗೆಯೇ.

ಕೇಳುಗರೇ, ಇದು ಒಬ್ಬ ಹುಡುಗಿಯ ಕಥೆಯಲ್ಲ. 2019ರಿಂದ 2021ರ ನಡುವೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ. ನಮ್ಮ ಕರ್ನಾಟಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ. ಹಾಲಿನಲ್ಲಿ ಶಾಲು ಹೊದ್ದು ಕೂತವರನ್ನು ಕಂಡಾಗ ಈ ಸಂಖ್ಯೆಯನ್ನು ಒಮ್ಮೆ ನೆನಪು ಮಾಡಿಕೊಳ್ಳಿ. ಅವರಲ್ಲಿ ಎಷ್ಟೋ ಮಂದಿಗೆ ತಮಗೆ ಚಳಿ ಯಾಕೆ ಅಂತ ಇನ್ನೂ ಗೊತ್ತೇ ಆಗಿರುವುದಿಲ್ಲ.

ಈಗ ಕ್ಯಾಷಿಯರ್ ಮೇಡಂ. ಅವರ ವಿಷಯ ನನಗೆ ತಿಳಿದದ್ದು ಕಚೇರಿಯಲ್ಲಲ್ಲ. ಒಂದು ರಾತ್ರಿ ಊಟಕ್ಕೆ ಕೂತಾಗ ಮನೆಯಾಕೆಯ ಮುಂದೆ ಹೇಳಿಕೊಂಡೆ. ಜನವರಿಯಲ್ಲೂ ಆ ಮೇಡಂ ಬೆವರುತ್ತಾರೆ, ಕೂತಲ್ಲೇ ಮುಖ ಕೆಂಪಾಗುತ್ತದೆ, ಐದು ನಿಮಿಷಕ್ಕೆ ಸರಿಹೋಗುತ್ತದೆ, ಇದೇನು ವಿಚಿತ್ರವೋ ಅಂದೆ. ಅವಳು ಬಡಿಸುತ್ತಿದ್ದ ಕೈ ನಿಲ್ಲಿಸಿದಳು. "ಅವರ ವಯಸ್ಸೆಷ್ಟು ರೀ?" ಅಂದಳು. ಐವತ್ತು ಐವತ್ತೊಂದು ಇರಬಹುದು ಅಂದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದಳು: "ಮುಟ್ಟು ನಿಲ್ಲೋ ಹೊತ್ತಿಗೆ ಹಾಗಾಗುತ್ತೆ. ನಂಗೂ ಎರಡು ವರ್ಷ ಆಯ್ತು. ರಾತ್ರಿ ಎದ್ದು ಹಿತ್ತಲ ಮೆಟ್ಟಿಲ ಮೇಲೆ ಕೂತಿರ್ತಿದ್ದೆ. ನೀವು ಮಲಗಿರ್ತಿದ್ರಿ."

ನನಗೆ ಅನ್ನ ಇಳಿಯಲಿಲ್ಲ. ಒಂದೇ ಮನೆಯಲ್ಲಿ, ಒಂದೇ ಸೂರಿನಡಿ, ಎರಡು ವರ್ಷ! ಕಚೇರಿಯಲ್ಲಿ ಗಂಡಸರ ಮುಂದೆ ಆ ಮೇಡಂ ಇದನ್ನು ಹೇಗೆ ಹೇಳಿಯಾರು? ಅವರು ಹೇಳಬಹುದಾಗಿದ್ದ ಮಾತು ಒಂದೇ. ಎ.ಸಿ. ಕಮ್ಮಿ ಮಾಡಿ.

ಮತ್ತೆ ಒಂದು ಸಲ ಹಿಂದಿರುಗಿ ನೋಡೋಣ. ಕೂತ ಜಾಗ ಬೇರೆ, ಆದ್ದರಿಂದ ಶಾಖ ಬೇರೆ. ಮೈ ಬೇರೆ, ಆದ್ದರಿಂದ ಅದೇ ಶಾಖ ಬೇರೆ ಬೇರೆಯಾಗಿ ತಾಗುತ್ತದೆ. ಇದಕ್ಕೆ ಮೂರನೆಯದೊಂದು ಸೇರುತ್ತದೆ. ಅದು ರೂಢಿ. ನಾವು ಹುಟ್ಟಿ ಬೆಳೆದ ಊರು.

ಕಲಬುರಗಿಯಲ್ಲಿ ನನ್ನ ಮೊದಲ ಬೇಸಿಗೆ. ಏಪ್ರಿಲ್ ತಿಂಗಳು. ಹೊರಗೆ 42 ಡಿಗ್ರಿ. ನಾನು ಮೈಸೂರು ಸೀಮೆಯಿಂದ ಹೋದವನು. ಗೋಡೆ ಬಿಸಿ, ಕುರ್ಚಿ ಬಿಸಿ, ನಲ್ಲಿಯ ನೀರು ಬಿಸಿ. ಅಲ್ಲಿನ ಹಿರಿಯ ಗುಮಾಸ್ತರು ನನ್ನ ಅವಸ್ಥೆ ನೋಡಿ ಮಡಕೆಯ ನೀರು ತಂದುಕೊಟ್ಟರು. "ಇದೇನ್ ಬಿಸಲ್ರಿ ಸರ, ಇನ್ನಾ ಮೇ ತಿಂಗಳು ಬರೋದದ," ಅಂದರು. ಅವರ ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ಅವರು ಹಿತವಾಗಿ ಕೂತು ಲೆಡ್ಜರ್ ಬರೆಯುತ್ತಿದ್ದರು. ಆ ಸೀಮೆಯ ಸರ್ಕಾರಿ ಕಚೇರಿಗಳಿಗೆ ಏಪ್ರಿಲ್, ಮೇ ತಿಂಗಳಲ್ಲಿ ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಒಂದೂವರೆಯವರೆಗೆ ಕೆಲಸ. ಯಂತ್ರ ತಂದು ಹಗಲನ್ನು ತಣ್ಣಗೆ ಮಾಡುವ ಬದಲು ಕೆಲಸವನ್ನೇ ತಣ್ಣನೆಯ ಹೊತ್ತಿಗೆ ಸರಿಸಿದ ಏರ್ಪಾಡು ಅದು. ನನಗೆ ಅದರ ಮೇಲೆ ಬಹಳ ಗೌರವ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು ಒಂಬೈನೂರು ಮೀಟರ್ ಎತ್ತರದಲ್ಲಿದೆ. ನಾವು ಚಿಕ್ಕವರಿದ್ದಾಗ ಅಲ್ಲಿನ ಎಷ್ಟೋ ಮನೆಗಳಲ್ಲಿ ಫ್ಯಾನೇ ಇರುತ್ತಿರಲಿಲ್ಲ. ಅಂಥ ಊರಿನಲ್ಲೀಗ ಮೂರು ನೂರು ಜನ ಕೂರುವ ಗಾಜಿನ ಕಟ್ಟಡಗಳಿವೆ. ಕಿಟಕಿ ತೆರೆಯಲು ಬರುವುದಿಲ್ಲ. ಹೊರಗೆ 27 ಡಿಗ್ರಿಯ ಹಿತವಾದ ಗಾಳಿ ಇದ್ದರೂ ಒಳಗೆ ಕೆಲಸ ಮಾಡುವ ಹುಡುಗ ಹುಡುಗಿಯರು ಜಾಕೆಟ್ ಹಾಕಿ ಕೂತಿರುತ್ತಾರೆ. ಇದನ್ನು ಕಂಡಾಗ ನನಗೆ ಸಂಕಟವಾಗುತ್ತದೆ.

ನಮ್ಮ ಜನಕ್ಕೆ ಯಾವ ಶಾಖ ಹಿತ ಅಂತ ಅಳೆದು ನೋಡಿದ್ದಾರೆ. ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯದವರು ಐದು ನಗರಗಳ ಕಚೇರಿಗಳಿಗೆ ಹೋದರು. ಅಹಮದಾಬಾದ್, ದೆಹಲಿ, ಚೆನ್ನೈ, ಶಿಮ್ಲಾ, ಮತ್ತು ನಮ್ಮ ಬೆಂಗಳೂರು. ಆರು ಸಾವಿರಕ್ಕೂ ಹೆಚ್ಚು ಉತ್ತರಗಳು ಸಿಕ್ಕವು. ಹೊರಗಿನ ಹವೆ ಏರಿದಂತೆ ಜನಕ್ಕೆ ಹಿತವಾಗುವ ಒಳಗಿನ ಶಾಖವೂ ಏರುತ್ತದೆ ಅಂತ ಕಂಡುಬಂತು. ಹೊರದೇಶದ ಮಾನದಂಡ ಹೇಳುವುದಕ್ಕಿಂತ ಹೆಚ್ಚಿನ ಶಾಖದಲ್ಲೂ ನಾವು ನೆಮ್ಮದಿಯಾಗಿ ಕೆಲಸ ಮಾಡುತ್ತೇವೆ. ಮೇ ತಿಂಗಳಲ್ಲಿ ಬಿಸಿಲಿನಿಂದ ಬಂದವನ ಮೈಗೆ 18 ಡಿಗ್ರಿ ಬೇಕಾಗಿಯೇ ಇಲ್ಲ.

ಈ ಯಂತ್ರ ಹುಟ್ಟಿದ್ದೂ ಮನುಷ್ಯನಿಗಾಗಿ ಅಲ್ಲ ಅನ್ನುವುದನ್ನು ಇಲ್ಲಿ ಹೇಳಿಬಿಡಬೇಕು. 1902. ಅಮೆರಿಕದ ಬ್ರೂಕ್ಲಿನ್. ಅಲ್ಲೊಂದು ಮುದ್ರಣಾಲಯ. ಬೇಸಿಗೆಯ ತೇವಕ್ಕೆ ಕಾಗದ ಹಿಗ್ಗುತ್ತಿತ್ತು, ಕುಗ್ಗುತ್ತಿತ್ತು. ಒಂದರ ಮೇಲೊಂದು ಬಣ್ಣ ಅಚ್ಚು ಹಾಕುವಾಗ ಬಣ್ಣಗಳು ಜಾಗ ತಪ್ಪುತ್ತಿದ್ದವು. ಇಪ್ಪತ್ತೈದು ವರ್ಷದ ಇಂಜಿನಿಯರ್ ವಿಲ್ಲಿಸ್ ಕ್ಯಾರಿಯರ್ ಗಾಳಿಯ ತೇವವನ್ನು ಹಿಡಿತಕ್ಕೆ ತರುವ ಏರ್ಪಾಡು ಮಾಡಿದ. ಕಾಗದಕ್ಕಾಗಿ ಮಾಡಿದ್ದು. ಕಾಗದದ ಹಾಳೆಗಳು ಒಂದೇ ಥರ ಇರುತ್ತವೆ. ಒಂದು ಅಂಕಿ ಕೊಟ್ಟರೆ ಎಲ್ಲ ಹಾಳೆಗೂ ಒಪ್ಪುತ್ತದೆ.

ಸರಿ. ಜಾಗ, ಮೈ, ರೂಢಿ. ಮೂರನ್ನೂ ನೋಡಿದೆವು. ಇಷ್ಟೆಲ್ಲ ತಿಳಿದ ಮೇಲೆ ನಮ್ಮ ಹಾಲಿನಲ್ಲಿ ಏನು ಮಾಡಿದೆವು ಅಂತ ಕೇಳುತ್ತೀರಿ. ಹೇಳುತ್ತೇನೆ.

ಮೊದಲು ಗಾಳಿಯ ದಾರಿ ತಿರುಗಿಸಿದೆವು. ಎ.ಸಿ. ಬಾಯಲ್ಲಿ ಉದ್ದನೆಯ ರೆಕ್ಕೆ ಇರುತ್ತದೆ. ನಮ್ಮದು ಮುರಿದು ಕೆಳಕ್ಕೆ ಜೋತುಬಿದ್ದಿತ್ತು. ಮೂರು ವರ್ಷದಿಂದ ಹಾಗೇ ಇತ್ತು. ಅದರಿಂದಲೇ ಹುಡುಗಿಯ ಕಿವಿಗೆ ಗಾಳಿ ಬಡಿಯುತ್ತಿದ್ದದ್ದು. ಹೊಸ ರೆಕ್ಕೆ ಬರುವವರೆಗೆ ಅಟೆಂಡರ್ ಸ್ಟೂಲಿನ ಮೇಲೆ ಹತ್ತಿದ. ಹಳೆಯ ಫೈಲಿನ ರಟ್ಟನ್ನು ಮಡಿಸಿ, ಕಂದು ಟೇಪಿನಿಂದ ಅಂಟಿಸಿ, ಗಾಳಿ ಸೂರಿನ ಕಡೆಗೆ ಹೋಗುವಂತೆ ಮಾಡಿದ. ಕೆಳಗೆ ಹುಡುಗಿ ಅಂಗೈ ಚಾಚಿ ನಿಂತಿದ್ದಳು. "ಇನ್ನೂ ಸ್ವಲ್ಪ ಮೇಲೆ ಅಣ್ಣಾ... ಹಾಂ, ಈಗ ಬರ್ತಿಲ್ಲ," ಅಂದಳು. ಕೆಲಸಕ್ಕೆ ಹಿಡಿದದ್ದು ಕಾಲು ಗಂಟೆ. ಅವಳು ಆ ಮೇಜಿನಲ್ಲಿ ನಡುಗಿದ್ದು ಹತ್ತು ತಿಂಗಳು.

ಆಮೇಲೆ ಕ್ಯಾಬಿನ್. ಬಾಗಿಲಿಗೆ ಬೀಗ ಬೇಕು, ಅದನ್ನು ತೆರೆದಿಡುವ ಹಾಗಿಲ್ಲ. ಗಾಜಿನ ಮೇಲ್ಭಾಗದಲ್ಲಿ ಒಂದು ಸಣ್ಣ ಎಕ್ಸಾಸ್ಟ್ ಫ್ಯಾನು ಕೂರಿಸಿದೆವು. ಒಳಗೆ ಮೇಡಂ ಮೇಜಿನ ಮೇಲೆ ಒಂದು ಪುಟ್ಟ ಫ್ಯಾನು. ನೋಟು ಹಾರದಂತೆ ಅದನ್ನು ಅವರ ಕುತ್ತಿಗೆಯ ಮಟ್ಟಕ್ಕೆ ಇಟ್ಟೆವು. ಅದರ ಸ್ವಿಚ್ಚು ಅವರ ಕೈಯಲ್ಲೇ. ಯಾರನ್ನೂ ಕೇಳಬೇಕಾಗಿಲ್ಲ, ಯಾರಿಗೂ ಕಾರಣ ಹೇಳಬೇಕಾಗಿಲ್ಲ. ಅವರಿಗೆ ಅದು ದೊಡ್ಡ ಸಮಾಧಾನವಾಯಿತು ಅಂತ ನನಗೆ ಅನ್ನಿಸಿತು. ಪಶ್ಚಿಮದ ಕಿಟಕಿಗಳಿಗೆ ದಪ್ಪ ಪರದೆ ಬಂತು.

ಇಷ್ಟಾದ ಮೇಲೆ ಅಂಕಿಗೆ ಕೈ ಹಾಕಿದೆವು. 22 ಇದ್ದದ್ದನ್ನು 26 ಮಾಡಿದೆವು. ಎ.ಸಿ. ಬಂದ ಮೇಲೆ ನಿಲ್ಲಿಸಿಬಿಟ್ಟಿದ್ದ ಸೀಲಿಂಗ್ ಫ್ಯಾನುಗಳ ಧೂಳು ಒರೆಸಿ ನಿಧಾನವಾಗಿ ತಿರುಗಿಸಿದೆವು. ಗಾಳಿ ಮೆಲ್ಲಗೆ ಆಡುತ್ತಿದ್ದರೆ ಎರಡು ಮೂರು ಡಿಗ್ರಿ ಹೆಚ್ಚಿದ್ದರೂ ಮೈಗೆ ಅಷ್ಟೇ ಹಿತ. ಸೆಖೆ ಅನ್ನುವವರು ಫ್ಯಾನಿನ ಕೆಳಗೆ, ಚಳಿ ಅನ್ನುವವರು ಫ್ಯಾನಿನಿಂದ ದೂರ. ಹದಿನಾಲ್ಕು ಮಂದಿಯಲ್ಲಿ ಐದು ಮಂದಿ ಮೇಜು ಬದಲಾಯಿಸಿದರು. ಒಬ್ಬ ಹಿರಿಯರು ಮಾತ್ರ ಇಪ್ಪತ್ತು ವರ್ಷದ ತಮ್ಮ ಜಾಗ ಬಿಡಲು ಒಪ್ಪಲಿಲ್ಲ. ಅವರಿಗೆ ಸ್ವಲ್ಪ ಸೆಖೆಯಾಗುತ್ತಲೇ ಇತ್ತು. ಅವರ ಇಷ್ಟ ಅಂತ ಬಿಟ್ಟೆವು.

ಕರೆಂಟಿನ ಮಾತನ್ನೂ ಇಲ್ಲಿ ಸೇರಿಸುತ್ತೇನೆ. ಒಂದು ಡಿಗ್ರಿ ಏರಿಸಿದರೆ ಎ.ಸಿ. ಉಣ್ಣುವ ವಿದ್ಯುತ್ತಿನಲ್ಲಿ ನೂರಕ್ಕೆ ಆರರಷ್ಟು ಉಳಿಯುತ್ತದೆ ಅಂತ ಕೇಂದ್ರದ ಇಂಧನ ದಕ್ಷತಾ ಬ್ಯೂರೋ ಹೇಳುತ್ತದೆ. 2020ರಿಂದ ನಮ್ಮ ದೇಶದಲ್ಲಿ ಮಾರುವ ಕೋಣೆಯ ಎ.ಸಿ.ಗಳು ಕಾರ್ಖಾನೆಯಿಂದ ಬರುವಾಗಲೇ 24 ಡಿಗ್ರಿಗೆ ಹೊಂದಿಸಿರಬೇಕು ಅನ್ನುವ ನಿಯಮವಿದೆ. ಜಪಾನಿನಲ್ಲಿ 2005ರಲ್ಲಿ ಸರ್ಕಾರವೇ ಮುಂದೆ ನಿಂತು, ಬೇಸಿಗೆಯಲ್ಲಿ ಕಚೇರಿಗಳನ್ನು 28 ಡಿಗ್ರಿಯಲ್ಲಿ ಇಡಿ, ಕೋಟು ಟೈ ಬಿಟ್ಟು ಬನ್ನಿ ಅಂತ ಕರೆ ಕೊಟ್ಟಿತು. ಅಲ್ಲಿನ ಪ್ರಧಾನಿಯೇ ಟೈ ಇಲ್ಲದೆ ಕಾಣಿಸಿಕೊಂಡರು. ನಮ್ಮಲ್ಲೂ ಎಷ್ಟೋ ಕಡೆ ಎ.ಸಿ.ಯನ್ನು 18ಕ್ಕೆ ಇಳಿಸುವುದು ಮೇಲಧಿಕಾರಿಯ ಕೋಟಿಗಾಗಿ. ಕೋಟು ಕಳಚಿ ಕುರ್ಚಿಗೆ ಹಾಕಿದರೆ ಇಪ್ಪತ್ತು ಮಂದಿಯ ಬೆರಳು ಬೆಚ್ಚಗಾಗುತ್ತದೆ.

ಹಾಗೆಯೇ ಒಂದು ತಪ್ಪು ತಿಳಿವಳಿಕೆ. ಬಿಸಿಲಿನಿಂದ ಒಳಗೆ ಬಂದವರು ಬೇಗ ತಣ್ಣಗಾಗಲಿ ಅಂತ 16ಕ್ಕೆ ಒತ್ತುತ್ತಾರೆ. ನಮ್ಮಲ್ಲಿದ್ದಂಥ ಹಳೆಯ ಮಾದರಿಯ ಯಂತ್ರ ಒಂದೇ ವೇಗದಲ್ಲಿ ತಣ್ಣಗೆ ಮಾಡುತ್ತದೆ. 16 ಒತ್ತಿದರೂ ಅಷ್ಟೇ, 24 ಒತ್ತಿದರೂ ಅಷ್ಟೇ. ಒತ್ತಿದವರು ಹತ್ತು ನಿಮಿಷಕ್ಕೆ ಮರೆತು ಕೆಲಸದಲ್ಲಿ ಮುಳುಗುತ್ತಾರೆ. ಯಂತ್ರ ಮರೆಯುವುದಿಲ್ಲ. ಆ ಅಂಕಿ ಮುಟ್ಟುವವರೆಗೂ ಓಡುತ್ತಲೇ ಇರುತ್ತದೆ.

ಕೊನೆಗೆ ರಿಮೋಟ್. ಅದನ್ನು ನನ್ನ ಡ್ರಾಯರಿನಿಂದ ತೆಗೆದು ಹಾಲಿನ ನಡುವೆ, ಹಾಜರಿ ಪುಸ್ತಕದ ಪಕ್ಕ ಇಟ್ಟೆ. ಯಾರು ಬೇಕಾದರೂ ಒತ್ತಬಹುದು, ಒತ್ತುವ ಮೊದಲು ಬಾಯಿಬಿಟ್ಟು ಹೇಳಬೇಕು ಅಂದೆ. ಮೊದಲ ವಾರ ಎಲ್ಲರೂ ಅದನ್ನು ದೂರದಿಂದ ನೋಡುತ್ತಿದ್ದರು. ಆಮೇಲೆ ಅದರ ಕಡೆ ನೋಡುವುದೂ ಕಡಿಮೆಯಾಯಿತು. ಉಷ್ಣಮಾಪಕ ಮಾತ್ರ ಹಾಲಿನಲ್ಲಿ ಸುತ್ತುತ್ತಿತ್ತು. ಒಂದು ದಿನ ಇವರ ಮೇಜಿನ ಮೇಲೆ, ಇನ್ನೊಂದು ದಿನ ಅವರ ಮೇಜಿನ ಮೇಲೆ.

ಮುಂದಿನ ಬೇಸಿಗೆ. ಏಪ್ರಿಲ್ ಕೊನೆಯ ವಾರ. ಮಧ್ಯಾಹ್ನ ಮೂರೂವರೆ. ನಾನು ಫೈಲು ನೋಡುತ್ತ ಕೂತಿದ್ದೆ. ಕ್ಯಾಷಿಯರ್ ಮೇಡಂ ಕ್ಯಾಬಿನ್ನಿನಿಂದ ಹೊರಗೆ ಬಂದು ಸೀಲಿಂಗ್ ಫ್ಯಾನಿನ ರೆಗ್ಯುಲೇಟರ್ ಹತ್ತಿರ ನಿಂತರು. ಕೈ ಇಟ್ಟರು. ತಿರುಗಿಸಲಿಲ್ಲ. ಹುಡುಗಿಯ ಕಡೆ ನೋಡಿದರು.

"ಒಂದು ಪಾಯಿಂಟ್ ಜಾಸ್ತಿ ಮಾಡ್ಲೇನಮ್ಮ? ನಿಂಗೆ ಗಾಳಿ ತಾಗುತ್ತಾ?"

"ಮಾಡಿ ಅಕ್ಕಾ. ನಾನು ಶಾಲು ಇಟ್ಕೊಂಡಿದೀನಿ."

"ಮಾತ್ರೆ ತಗೊಂಡ್ಯಾ ಇವತ್ತು?"

"ತಗೊಂಡೆ ಅಕ್ಕಾ. ಈಗ ಹನ್ನೊಂದಕ್ಕೆ ಬಂದಿದೆಯಂತೆ."

ಮೇಡಂ ರೆಗ್ಯುಲೇಟರ್ ತಿರುಗಿಸಿದರು. 'ಟಕ್' ಅಂತ ಒಂದು ಸದ್ದಾಯಿತು. ಯಾರೂ ತಲೆ ಎತ್ತಲಿಲ್ಲ.